ಮಾಫಿ ಕೇಳಲು ಹೊರಟ ಬೀಬತ್ತೆ

ಬೀಬತ್ತೆ ಬಾಯಿ ತೆರೆದರೆ ಅಜ್ಜಂಪುರದ ನಮ್ಮ ಬೀದಿಯಲ್ಲಿ ಮಲಗಿದ್ದ ನಾಯಿಗಳು ಎದ್ದು ಪಕ್ಕದ ಬೀದಿಗೆ ಹೋಗಿ ಮಲಗುತ್ತಿದ್ದವು. ಸುಳ್ಳು ಅಂತ ನಗಬೇಡಿ, ಬೇಕಾದರೆ ಬೀದಿಯವರನ್ನೇ ಕೇಳಿ. ಅವಳ ಹೆಸರು ಇಮಾಂಬಿ. ಚಿಕ್ಕಂದಿನಲ್ಲಿ ನಾನು ಬೀಬತ್ತೆ ಅಂತ ಕರೆದದ್ದು ಹಾಗೇ ಉಳಿದುಬಿಟ್ಟಿತು. ಹತ್ತಿ ಹಿಂಜಿ ಹಾಸಿಗೆ ಹೊಲಿಯುವ ಮನೆತನ. ಮನೆಯೊಳಗೂ ಅವರದು ಕನ್ನಡವೇ, ಬೈಗುಳವೂ ಕನ್ನಡದಲ್ಲೇ. ಹಾಗಾಗಿ ನಮಗೆ ಒಂದಕ್ಷರವೂ ನಷ್ಟವಾಗುತ್ತಿರಲಿಲ್ಲ.

ಅವಳ ಮನೆಗೂ ನಮ್ಮ ಮನೆಗೂ ನಡುವೆ ಎದೆಮಟ್ಟದ ಗೋಡೆ. ಆ ಕಡೆ ಹತ್ತಿ ಹಿಂಜುವ ಮಷೀನು, ಈ ಕಡೆ ನನ್ನ ಅಮ್ಮ ಗೌರಮ್ಮ ಬಿಸಿಲಿಗೆ ಹರಡಿದ ಅಕ್ಕಿ ಸಂಡಿಗೆ. ಜಗಳಕ್ಕೆ ಇನ್ನೇನು ಬೇಕು? ಗಾಳಿ ಸ್ವಲ್ಪ ತಿರುಗಿದರೆ ಸಂಡಿಗೆಗೆಲ್ಲ ಬಿಳೀ ಗಡ್ಡ ಬಂದುಬಿಡುತ್ತಿತ್ತು.

"ಲೇ ಇಮಾಂಬಿ, ನಿನ್ನ ಹತ್ತಿ ನಿನ್ನ ಮನೇಲಿ ಇಟ್ಕೊಳೇ!"

"ಗಾಳಿಗೆ ಹೇಳೇ ಗೌರಿ, ನನಗ್ಯಾಕೆ ಹೇಳ್ತೀಯ? ಮೆತ್ತಗಿರ್ತದೆ, ತಿನ್ನು. ನಿನ್ನ ನಾಲಗೆಯಾದ್ರೂ ಮೆತ್ತಗಾಗ್ಲಿ."

ಜಗಳದ ನಡುವೆ ಮಸೀದಿಯಿಂದ ಬಾಂಗು ಕೇಳಿದರೆ ಬೀಬತ್ತೆ ಕೈಯೆತ್ತಿ, "ಇರು, ನಮಾಜು ಮುಗಿಸ್ಕೊಂಡು ಬತ್ತೀನಿ, ಎಲ್ಲಿಗೂ ಹೋಗ್ಬೇಡ" ಎಂದು ಒಳಗೆ ಹೋಗುತ್ತಿದ್ದಳು. ಮುಗಿಸಿ ಬಂದು ಬಿಟ್ಟ ಮಾತಿನಿಂದಲೇ ಶುರು. ಅಮ್ಮನೂ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅಲ್ಲೇ ಇರುತ್ತಿದ್ದಳು. ಇಬ್ಬರಿಗೂ ಬೇರೆ ಮನರಂಜನೆ ಇರಲಿಲ್ಲ.

ಕಾಲೇಜಿನಲ್ಲಿ ಒಮ್ಮೆ ಜೀವನದ ಗುರಿಯ ಬಗ್ಗೆ ಪ್ರಬಂಧ ಬರೆಯಲು ಹೇಳಿದ್ದರು. ಅಮ್ಮನನ್ನು ಕೇಳಿದೆ. "ಗುರಿಯಂತೆ ಗುರಿ, ಮೊದ್ಲು ಪಾತ್ರೆ ತೊಳಿ" ಎಂದಳು. ಗೋಡೆಯಾಚೆ ಬೀಬತ್ತೆಯ ಹತ್ತಿರ ಸಿದ್ಧ ಉತ್ತರವಿತ್ತು.

"ಅಲ್ಲಾ ನಮ್ಮನ್ನ ಯಾಕೆ ಹುಟ್ಟಿಸಿದ? ಬಂದಗಿ ಮಾಡೋಕೆ ಕಣೇ. ಅಂದ್ರೆ ಅವನ ಸೇವೆ. ದಿನಕ್ಕೆ ಐದು ಹೊತ್ತು ಅವನ ಮುಂದೆ ಬಗ್ಗಬೇಕು. ಮಿಕ್ಕ ಹೊತ್ತು ಯಾರ ಮುಂದೂ ಬಗ್ಗಬಾರ್ದು."

ಎರಡನೇ ಭಾಗವನ್ನು ಅವಳು ಎಷ್ಟು ಶ್ರದ್ಧೆಯಿಂದ ಪಾಲಿಸಿದಳೆಂದರೆ, ಶಿವನಿ ಸ್ಟೇಷನ್ನಿನ ಟಿಕೆಟ್ ಕಿಟಕಿಯಿಂದ ತರೀಕೆರೆಯ ಸಂತೆಯವರೆಗೆ ಅವಳ ಬಾಯಿಗೆ ಬೀಳದವರು ಯಾರೂ ಉಳಿದಿರಲಿಲ್ಲ. ಮೀನು ಮಾರುವವನಿಗೆ ಮೀನಿನ ಕಣ್ಣು ತೋರಿಸಿ ಬೈಯುತ್ತಿದ್ದಳು. ಮಸೀದಿಯ ಗುರು ಹಜರತ್ತರನ್ನೂ ಬಿಟ್ಟವಳಲ್ಲ. ಪ್ರವಚನ ಉದ್ದವಾಯಿತೆಂದು, "ಹಿಂಗೇ ಎಳೆದ್ರೆ ಜನ್ನತ್ತಿನ ಬಾಗಿಲು ಹಾಕ್ಬಿಡ್ತಾರೆ ಹಜರತ್ರೇ" ಎಂದಿದ್ದಳಂತೆ. ಪಾಪ, ಒಳ್ಳೆಯ ಮನುಷ್ಯ, ಅವರೇ ನಗುತ್ತಾ ಎಲ್ಲರಿಗೂ ಹೇಳುತ್ತಿದ್ದರು.

ನಮ್ಮಪ್ಪ ತೀರಿಕೊಂಡಾಗ ಅಮ್ಮ ಮೂಲೆ ಹಿಡಿದು ಕೂತುಬಿಟ್ಟಳು. ಊಟವಿಲ್ಲ, ಮಾತಿಲ್ಲ. ನೆಂಟರೆಲ್ಲ ಬಂದು ವೇದಾಂತ ಹೇಳಿ, ಕಾಫಿ ಕುಡಿದು ಹೋದರು. ಆಮೇಲೆ ಬೀಬತ್ತೆ ಬಂದಳು. ಸಮಾಧಾನ ಹೇಳುತ್ತಾಳೆಂದು ನಾನು ಚಾಪೆ ಹಾಕಿದರೆ, ನಿಂತಲ್ಲಿಂದಲೇ ಶುರು ಮಾಡಿದಳು: "ಏನೇ ಗೌರಿ, ಗಂಡ ಹೋಗಿದ್ದೇ ತಡ, ಗೋಡೆನ ಅರ್ಧ ಅಡಿ ನಮ್ಮ ಕಡೆ ತಳ್ಳಿದೀಯ?"

ಅಮ್ಮನ ಕಣ್ಣು ಕೆಂಪಾಯಿತು. "ಯಾವಳೇ ತಳ್ಳಿದೋಳು? ಬಾ, ಅಳತೆ ಹಾಕು!" ಎಂದು ಎದ್ದೇಬಿಟ್ಟಳು. ಗಂಟಲು ಹರಿಯುವಷ್ಟು ಹೊತ್ತು ಕೂಗಾಡಿ, ಸುಸ್ತಾಗಿ ಒಳಗೆ ಬಂದು, "ಅನ್ನ ಇದೆಯೇನೇ?" ಎಂದಳು. ನಾನು ಬಡಿಸುತ್ತಾ ಅತ್ತುಬಿಟ್ಟೆ. ಬೀಬತ್ತೆಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವತ್ತೇ.

ಇಂಥವಳಿಗೆ ಹೋದ ವರ್ಷ ಮೌಲಾ ಎಂಬ ಮಗನ ಜೊತೆ ಹಜ್‌ಗೆ ಹೋಗುವ ಯೋಗ ಬಂತು. ಕುಣಿದಾಡಿಬಿಟ್ಟಳು. ಆದರೆ ಹೊರಡುವ ಮುಂಚೆ ಹಜರತ್ತರು ಒಂದು ಬಾಂಬು ಹಾಕಿದರು. ಅದನ್ನು ಬೀಬತ್ತೆ ಗೋಡೆಗೆ ಒರಗಿ ನನಗೆ ಹೇಳಿದ್ದು ಹೀಗೆ:

"ಅಲ್ಲಾಗೆ ಮಾಡಿದ ತಪ್ಪನ್ನ ಅವನು ಮಾಫ್ ಮಾಡ್ತಾನಂತೆ. ಮನುಷ್ಯರಿಗೆ ಬೈದಿದ್ದನ್ನ ಆ ಮನುಷ್ಯರೇ ಮಾಡ್ಬೇಕಂತೆ, ಅವನು ಕೈ ಹಾಕಲ್ವಂತೆ. ಯಾವ ಜಾತಿ ಅಂತಾನೂ ಕೇಳಲ್ವಂತೆ. ಇದನ್ನ ಮೊದ್ಲೇ ಹೇಳಿದ್ರೆ ಸ್ವಲ್ಪ ಕಮ್ಮಿ ಬೈತಿದ್ದೆನಲ್ಲೇ!"

ಹೀಗೆ ಅವಳು ಮೂರು ತಾಲ್ಲೂಕು ಸುತ್ತಿ ಮಾಫಿ ಕೇಳಲು ಹೊರಟಳು. ಜೊತೆಗೆ ನಾನು. ಕಡೂರಿನ ಜವಳಿ ಅಂಗಡಿಯಲ್ಲಿ ಶೆಟ್ಟರು ಕೈ ಮುಗಿದು, "ಕಳ್ಳ ಅಂದಿದ್ದು ತಾನೆ, ನಾನ್ಯಾವತ್ತೋ ಮರೆತೆ ಬಿಡಮ್ಮ" ಎಂದರು. ಅಲ್ಲಿಗೆ ಮುಗಿಸಿ ಬರಬೇಕಲ್ಲವೇ?

"ದೊಡ್ಡ ಮನಸ್ಸು ಶೆಟ್ರೇ. ಆದ್ರೂ ಬಟ್ಟೆ ಕಮ್ಮಿ ಅಳ್ದಿದ್ದು ಮಾತ್ರ ನಿಜ."

ಶೆಟ್ಟರು ಗಾದಿಯಿಂದ ಎದ್ದರು. ನಾನು ಮೆಟ್ಟಿಲಿಳಿದು ಬೀದಿಯಲ್ಲಿ ನಿಂತೆ. ಕೂಗಾಟವೆಲ್ಲ ಮುಗಿದ ಮೇಲೆ ಅವಳು ಹೊಸ ಜಗಳಕ್ಕೂ ಸೇರಿಸಿ ಮಾಫಿ ಕೇಳಿ ಹೊರಬಂದಳು. ತರೀಕೆರೆಯ ನಾದಿನಿಯ ಮನೆಯಲ್ಲೂ ಇದೇ ಕಥೆ. ಇಬ್ಬರೂ ತಬ್ಬಿ ಅತ್ತು, ಊಟಕ್ಕೆ ಕೂತು, ಸಾರಿಗೆ ಹುಣಸೆಹುಳಿ ಜಾಸ್ತಿಯಾಯಿತೆಂದು ಮತ್ತೆ ಕಿತ್ತಾಡಿದರು. ಶಿವನಿಯಲ್ಲಿ ಅವಳು ಬೈದಿದ್ದ ಟಿಕೆಟ್ ಗುಮಾಸ್ತ ವರ್ಗವಾಗಿ ಹೋಗಿದ್ದ. ಈಗಿರುವ ಹುಡುಗನನ್ನೇ ಹಿಡಿದು, "ಅವನ ಬದ್ಲು ನೀನೇ ಮಾಡ್ಬಿಡಪ್ಪಾ" ಎಂದಳು. ಅವನು ಹೆದರಿ ಮಾಡಿದ.

ಕೊನೆಗೆ ಉಳಿದದ್ದು ಅಮ್ಮ. ಹೊರಡುವ ದಿನ ಬೀಬತ್ತೆ ಗೋಡೆಯ ಹತ್ತಿರ ಬರದೆ ಬಾಗಿಲಿಗೇ ಬಂದಳು, ತಲೆ ತುಂಬ ಸೆರಗು ಹೊದ್ದು, ಹೊಸ ಸೊಸೆಯ ಹಾಗೆ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಗೌರೀ, ಮಾಫ್ ಮಾಡೇ."

"ಯಾತಕ್ಕೆ?"

"ಎಲ್ಲಕ್ಕೂ."

"ಎಲ್ಲಕ್ಕೂ ಅಂತ ಸಗಟು ಲೆಕ್ಕದಲ್ಲಿ ಆಗಲ್ಲ. ಹೋಗಿ ಬಂದ್ಮೇಲೆ ಕೇಳು, ನೋಡೋಣ."

"ಲೇ, ನೀನು ಹೇಳ್ದೆ ನಾನ್ ಹೆಂಗೇ ಹೋಗ್ಲಿ? ನನ್ನ ಹಜ್ ಕೆಡಿಸ್ತೀಯೇನೇ?"

"ಮಾಡಲ್ಲ ಅಂದ್ರೆ ಮಾಡಲ್ಲ."

ಬೀಬತ್ತೆ ಬೇಡಿಕೊಂಡಳು. ಕೈ ಹಿಡಿದಳು. ಕೊನೆಗೆ ಬಾಯಿಗೆ ಬಂದಂತೆ ಬೈದು, ಅಳುತ್ತಾ ಬಸ್ಸು ಹತ್ತಿದಳು. ನನಗೆ ಅಮ್ಮನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಏನು ಹೆಂಗಸಮ್ಮ ನೀನು, ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ರೇಗಿದೆ. ಅಮ್ಮ ಮೊರದಿಂದ ಕಣ್ಣೆತ್ತಲಿಲ್ಲ.

"ಅಲ್ಲೇ ಪ್ರಾಣ ಹೋದ್ರೆ ಭಾಳ ಪುಣ್ಯ, ಅಲ್ಲೇ ಮಣ್ಣಾಗ್ಬೇಕು ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದಳಲ್ಲ, ನೀನು ಕೇಳಿಸ್ಕೊಂಡಿಲ್ವಾ? ಎಲ್ಲಾ ಮುಗಿಸ್ಕೊಂಡು ಹೋದ್ರೆ ಅಲ್ಲೇ ಕೂತ್ಬಿಡ್ತಾಳೆ ಕಣೇ ಅವಳು. ನಂದೊಂದು ಬಾಕಿ ಇದ್ರೆ ವಾಪಸ್ ಬತ್ತಾಳೆ."

ಬಂದಳು. ಕಾರಿನಿಂದ ಇಳಿದವಳು ತನ್ನ ಮನೆಗೂ ಹೋಗದೆ ಸೀದಾ ನಮ್ಮ ನಡುಮನೆಗೆ ಬಂದು, ಖರ್ಜೂರದ ಪೊಟ್ಟಣ ಮತ್ತು ಜಮ್‌ಜಮ್ ನೀರಿನ ಬಾಟಲಿ ಕುಕ್ಕಿ, "ಬಂದಿದೀನಿ. ಈಗ ಮಾಡು" ಎಂದಳು. ಅಮ್ಮ ಆ ನೀರನ್ನು ತೀರ್ಥದ ಹಾಗೆ ಅಂಗೈಯಲ್ಲಿ ಹಾಕಿಕೊಂಡು ಕುಡಿದು, ತಲೆಗೆ ಸವರಿಕೊಂಡು, "ಸ್ವಲ್ಪ ಉಪ್ಪಿದೆ. ನಾಳೆ ನೋಡೋಣ" ಎಂದಳು.

"ಕಾಬಾದ ಮುಂದೆ ನಿಂತು ಏನು ಕೇಳ್ದೆ ಗೊತ್ತೇನೇ? ಈ ಗೌರಿಗೆ ಬುದ್ಧಿ ಕೊಡಪ್ಪಾ ಅಂತ. ಎಲ್ಲಿ ಕೊಟ್ಟ!"

ಆ ನಾಳೆ ಬರಲೇ ಇಲ್ಲ. ಅಂದರೆ ಅಮ್ಮ ಬರಗೊಡಲಿಲ್ಲ. ಬೀಬತ್ತೆ ದಿನವೂ ಕೇಳುವುದು, ಇವಳು ದಿನವೂ ಮುಂದೂಡುವುದು. ಸಂಡಿಗೆಯ ಜಾಗದಲ್ಲಿ ಈಗ ಮಾಫಿಯ ಜಗಳ. ಇಬ್ಬರೂ ಇನ್ನೂ ನೂರು ವರ್ಷ ಹೀಗೇ ಇರುತ್ತಾರೆಂದು ನಾನೂ ಅಂದುಕೊಂಡಿದ್ದೆ.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಮಾಜಿಗೆ ಕೂತ ಬೀಬತ್ತೆ ಚಾಪೆಯಿಂದ ಮೇಲೇಳಲಿಲ್ಲ. ನರಳಲೂ ಇಲ್ಲ, ಯಾರನ್ನೂ ಕೂಗಲೂ ಇಲ್ಲ. ಅಷ್ಟು ಸದ್ದಿಲ್ಲದೆ ಹೋದದ್ದೇ ನಮಗೆ ನಂಬಲಾಗಲಿಲ್ಲ.

ಸ್ನಾನ ಮಾಡಿಸಿ, ಬಿಳಿ ಬಟ್ಟೆ ಸುತ್ತಿ, ಜನಾಜಾವನ್ನು ಅಂಗಳದಲ್ಲಿ ಇಟ್ಟರು. ಎತ್ತುವ ಮುಂಚೆ ಮೌಲಾ ಎಲ್ಲರೆದುರು ಕೈ ಮುಗಿದು, "ನಮ್ಮಮ್ಮನಿಂದ ಯಾರಿಗಾದ್ರೂ ನೋವಾಗಿದ್ರೆ ಮಾಫ್ ಮಾಡ್ಬಿಡಿ" ಎಂದ. ಅದು ಅವರ ಪದ್ಧತಿ. ಮಾಡಿದೀವಿ, ಮಾಡಿದೀವಿ ಎಂದು ಎಲ್ಲರೂ ಅಂದರು. ಕಡೂರಿನ ಶೆಟ್ಟರೂ ಬಂದಿದ್ದರು, ಅವರೂ ಅಂದರು.

"ನಾನು ಮಾಡಿಲ್ಲ!"

ಹೆಂಗಸರ ನಡುವಿನಿಂದ ಅಮ್ಮ ಅಳುತ್ತಾ ಎದ್ದು ನಿಂತಿದ್ದಳು. ನಾನು ಸೆರಗು ಹಿಡಿದು ಎಳೆದೆ, ಕೊಡವಿಕೊಂಡಳು. "ನಾನು ಮಾಡಲ್ಲ. ಎದ್ದು ಬಂದು ಕೇಳ್ಲಿ. ದಿನಾ ಕೇಳ್ತಿದ್ದಳಲ್ಲ, ಇವತ್ತೇನಾಯ್ತು? ಕೇಳೇ ಇಮಾಂಬಿ! ಬಾಯಿ ಎಲ್ಲೋಯ್ತೇ ನಿಂದು?"

ಹಜರತ್ತರು ಎರಡು ಹೆಜ್ಜೆ ಮುಂದೆ ಬಂದು ಮೆಲ್ಲಗೆ ಹೇಳಿದರು: "ತಾಯೀ, ನೀವು ಹೇಳ್ದೇ ಇದ್ರೆ ಅವರಿಗೆ ಅಲ್ಲಿ ಕಷ್ಟ. ನೀವು ಬರೋವರ್ಗೂ ಕಾಯ್ಬೇಕಾಗ್ತದೆ."

ಅಮ್ಮನ ಅಳು ಗಕ್ಕನೆ ನಿಂತಿತು. "ನಾನು ಬರೋವರ್ಗೂ ಅಲ್ಲೇ ನಿಂತಿರ್ತಾಳಾ?"

"ಹಂಗಂತ ಹಿರಿಯರು ಹೇಳ್ತಾರೆ."

ಅಮ್ಮ ಜನಾಜಾವನ್ನೇ ನೋಡಿದಳು. ಆ ಒಂದು ಗಳಿಗೆ, ನಿಂತಿರಲಿ ಎಂದು ಅವಳಿಗೆ ಆಸೆಯಾಯಿತು. ಪಕ್ಕದಲ್ಲೇ ಇದ್ದ ನನಗೆ ಅದು ಸ್ಪಷ್ಟವಾಗಿ ಕಂಡಿತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಮೌಲಾನ ಕಡೆ ತಿರುಗಿದಳು.

"ಅವಳಿಗೆ ಮಂಡಿ ನೋವು ಕಣಪ್ಪಾ, ಅಷ್ಟೊತ್ತು ನಿಂತಿರಕ್ಕಾಗಲ್ಲ. ಮಾಫ್ ಮಾಡಿದೀನಿ. ಕರ್ಕೊಂಡು ಹೋಗಿ."