ಪರದೆಯ ಇಲಿಗೆ ಅಜ್ಜಿಯ ಕೀಲಿಗೊಂಚಲು

ತಲೆಗೆ ಪೆಟ್ಟು ಬಿದ್ದಾಗ ನನಗೆ ಹದಿಮೂರು ವರ್ಷ. ಬ್ಯಾಡಗಿಯಲ್ಲಿ ನಮ್ಮಪ್ಪನ ಅಂಗಡಿಯೊಳಗೆ ಮೆಣಸಿನಕಾಯಿ ಚೀಲಗಳನ್ನು ಸೂರಿನ ತನಕ ಒಟ್ಟಿದ್ದರು. ಮೇಲೆ ಹತ್ತಿದರೆ ಗವಾಕ್ಷಿಯಿಂದ ಪೇಟೆಯೆಲ್ಲ ಕಾಣುತ್ತದೆ ಎಂದು ನಾನು, ಕಾಣುವುದಿಲ್ಲ ಎಂದು ನನ್ನ ಗೆಳತಿ. ವಾದ ಗೆಲ್ಲಲು ಹತ್ತಿದೆ. ಕಾಣಲಿಲ್ಲ. ಅದನ್ನು ಒಪ್ಪಿಕೊಳ್ಳುವ ಬದಲು ಇನ್ನೂ ಒಂದು ಚೀಲ ಮೇಲೇರಲು ಹೋಗಿ ಚೀಲದ ಸಮೇತ ಕಲ್ಲುಹಾಸಿನ ಮೇಲೆ ಬಿದ್ದೆ. ಚೀಲ ಒಡೆದು ಘಾಟು ಎದ್ದಿತಂತೆ. ಕಣ್ಣು ಬಿಟ್ಟಾಗ ಅಂಗಡಿಯವರೆಲ್ಲ ನನ್ನ ಸುತ್ತ ನಿಂತು ಕಣ್ಣೀರು ಸುರಿಸುತ್ತಿದ್ದರು. ನನಗಾಗಿ ಅಷ್ಟು ಜನ ಅತ್ತರೆಂದು ಬಹಳ ದಿನ ನಂಬಿದ್ದೆ.

ಹೊಲಿಗೆ ಹಾಕಿದರು, ಗಾಯ ಮಾಯಿತು, ಎಲ್ಲರೂ ಮರೆತರು. ಮಿದುಳು ಮಾತ್ರ ಮರೆಯಲಿಲ್ಲ. ಒಂದೂವರೆ ವರ್ಷದ ಮೇಲೆ ಹಾವೇರಿಯಲ್ಲಿ ನಡೆದ ಶಾಲಾ ಚರ್ಚಾಸ್ಪರ್ಧೆಯಲ್ಲಿ, ‘ಶಿಕ್ಷಣದಿಂದ ಮೂಢನಂಬಿಕೆ ಅಳಿಯುತ್ತದೆ’ ಎಂಬ ವಿಷಯದ ಪರವಾಗಿ ನಾನು ಜೋರಾಗಿ ಮಾತಾಡುತ್ತಿದ್ದಾಗ, ವಾಕ್ಯದ ಅರ್ಧಕ್ಕೆ ಮೊದಲ ಮೂರ್ಛೆ ಬಂತು. ಮುಂದಿನದು ಕಂಡವರು ಹೇಳಿದ್ದು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿಷಯ. ಸಭಾಂಗಣದ ನಾಲ್ಕೂ ಮೂಲೆಯಿಂದ ಕೀಲಿ ಹಿಡಿದು ಓಡಿ ಬಂದರಂತೆ: ಬೈಕಿನದು, ತಿಜೋರಿಯದು, ಒಬ್ಬ ಹೆಡ್‌ಮಾಸ್ತರರು ಇಡೀ ಶಾಲೆಯದು. ಎಚ್ಚರವಾದಾಗ ನನ್ನ ಮುಷ್ಟಿಯಲ್ಲಿ ಒಂದು ಸ್ಕೂಟರಿನ ಕೀಲಿ ಇತ್ತು. ಪಕ್ಕದಲ್ಲಿ ತೀರ್ಪುಗಾರರೊಬ್ಬರು ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದರು.

“ಆರಾಮ ಆತಿಲ್ಲವಾ ತಂಗಿ? ಆ ಕೀಲಿ ನಂದ ಐತಿ.”

ಶಿಕ್ಷಣದಿಂದ ಮೂಢನಂಬಿಕೆ ಅಳಿಯುವುದಿಲ್ಲ ಎಂದು ವಾದಿಸಬೇಕಾಗಿದ್ದ ಪ್ರತಿಪಕ್ಷದವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಆಮೇಲೆ ಇನ್ನೆರಡು ಸಲ ಬಂತು. ಡಾಕ್ಟರರು ಕೊಟ್ಟ ಗುಳಿಗೆ ಹೊಂದಿಕೊಂಡ ಮೇಲೆ ಮೂರು ವರ್ಷ ಬಂದೇ ಇಲ್ಲ. ಆದರೆ ಬೆಳಗಿನ ಗುಳಿಗೆ ನುಂಗಿದ ಮೇಲೆ ಮಧ್ಯಾಹ್ನದ ತನಕ ನನ್ನ ನಾಲಿಗೆ ಮೇಲೆ ಯಾರೋ ಒದ್ದೆ ಗೋಣಿ ಹೊದಿಸಿದ ಹಾಗೆ. ಹೇಳಬೇಕಾದ ಮಾತು ಎದುರಾಳಿ ಹೇಳಿ ಮುಗಿಸಿ ಕುರ್ಚಿಯಲ್ಲಿ ಕೂತ ಮೇಲೆ ಹೊಳೆಯುತ್ತದೆ. ಡಿಗ್ರಿ ಎರಡನೇ ವರ್ಷದಲ್ಲಿ ಹಾವೇರಿಯ ಅಂತರಕಾಲೇಜು ಚರ್ಚೆಗೆ ಆಯ್ಕೆಯಾದೆ. ವಿಷಯ: ಪ್ರಾಣಿಗಳ ಮೇಲಿನ ಪ್ರಯೋಗ ನಿಲ್ಲಬೇಕು. ನಾನು ಪರ. ಹದಿನೈದು ದಿನ ಇತ್ತು. ಗುಳಿಗೆ ಬಿಟ್ಟುಬಿಡುವುದೆಂದು ಆ ದಿನವೇ ತೀರ್ಮಾನಿಸಿದೆ. ಮೂರು ವರ್ಷ ಫಿಟ್ಸ್ ಬಂದಿಲ್ಲ, ಬಂದಿಲ್ಲವೆಂದರೆ ವಾಸಿಯಾಗಿದೆ, ವಾಸಿಯಾದವಳಿಗೆ ಔಷಧ ಯಾಕೆ? ಎಲ್ಲೂ ಬಿರುಕಿಲ್ಲದ ವಾದ. ಇದಕ್ಕೆ ವಿಜ್ಞಾನದ ಒಂದು ಮೊಹರು ಬಿದ್ದರೆ ಸಾಕಿತ್ತು. ಅದಕ್ಕೆಂದೇ ರಾಣೆಬೆನ್ನೂರಿನ ದೊಡ್ಡಪ್ಪನ ಮನೆಗೆ ಬಸ್ಸು ಹತ್ತಿದೆ.

ದೊಡ್ಡಪ್ಪನ ಮಗಳು, ನನ್ನ ಅಕ್ಕ, ದೂರದ ಊರಿನ ಪ್ರಯೋಗಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಾಳೆ. ಹರೆಯದಲ್ಲಿ ತಲೆಗೆ ಪೆಟ್ಟಾದರೆ ಮುಂದೆ ಮೂರ್ಛೆರೋಗ ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ, ಯಾಕೆ ಎಂಬುದೇ ಅವಳ ವಿಷಯ. ನಡೆಸುವುದು ಇಲಿಗಳ ಮೇಲೆ. ಐದಾರು ವಾರ ತುಂಬಿದರೆ ಇಲಿಗೆ ಹರೆಯವಂತೆ. ರಜೆಗೆ ಬರುವಾಗ ತಿಂಗಳುಗಟ್ಟಲೆಯ ಇಲಿ ವಿಡಿಯೊ ತಂದಿದ್ದಳು. ಕೂತು ನೋಡಬೇಕು, ಫಿಟ್ಸ್ ಬಂದಾಗ ಗುರುತು ಹಾಕಬೇಕು. ಯಾವ ಇಲಿಗೆ ಪೆಟ್ಟು ಕೊಟ್ಟದ್ದು, ಯಾವುದಕ್ಕೆ ಬರೀ ಅರಿವಳಿಕೆ ಕೊಟ್ಟು ಬಿಟ್ಟದ್ದು ಎಂಬುದು ಅವಳಿಗೇ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದದ್ದನ್ನೇ ನೋಡುತ್ತದೆ.

ನಾನು ಒಳಗೆ ಹೋದಾಗ ಲ್ಯಾಪ್‌ಟಾಪಿನ ಮುಂದೆ ಇಬ್ಬರಿದ್ದರು. ಅಕ್ಕನ ಪಕ್ಕದಲ್ಲಿ ನಮ್ಮಜ್ಜಿ, ಕನ್ನಡಕ ಏರಿಸಿಕೊಂಡು, ಶೇಂಗಾ ಸುಲಿಯುತ್ತ.

“ಧಾರಾವಾಹಿ ಬಿಟ್ಟು ಇದನ್ನ ನೋಡಾಕತ್ತಾಳ,” ಎಂದಳು ಅಕ್ಕ. “ನಾಕ ದಿನಾ ಆತು.”

“ಧಾರಾವಾಹ್ಯಾಗ ಬರೀ ಸೊಸಿ ಜಗಳ,” ಎಂದಳು ಅಜ್ಜಿ. “ಇವು ಒಂದಕ್ಕೊಂದು ಏನೂ ಅನ್ನಂಗಿಲ್ಲ ಪಾಪ. ಕುಂದ್ರ ಬಾ. ಏಳನೇದ್ದ ನೋಡ, ಭಾಳ ಶಾಣ್ಯಾ ಐತಿ. ಮೂರ ವಾರದಿಂದ ಒಮ್ಮೆನೂ ಬಿದ್ದಿಲ್ಲಂತ.”

ಪರದೆಯಲ್ಲಿ ತಲೆಗೆ ಸಣ್ಣ ವೈರು ಸಿಕ್ಕಿಸಿಕೊಂಡ ಬಿಳಿ ಇಲಿ ಮೀಸೆ ತಿಕ್ಕಿಕೊಳ್ಳುತ್ತಿತ್ತು. ಇದೇ ಅಜ್ಜಿ ಅಡಿಗೆಮನೆಯಲ್ಲಿ ವಾರಕ್ಕೆರಡು ಇಲಿಯನ್ನು ಬೋನಿಗೆ ಬೀಳಿಸುವವಳು ಎಂದು ನೆನಪಿಸಿದೆ.

“ಅವು ನನ್ನ ಅಕ್ಕಿ ತಿಂತಾವು. ಇದು ನನಗ ಏನ ಮಾಡೇತಿ?”

ಅಜ್ಜಿಯ ಕಣ್ಣು ಚುರುಕು. ಅಕ್ಕ ಗುರುತು ಹಾಕಲು ಹೋದಾಗ, “ತಡಿ, ಅದು ಬರೀ ತುರಿಸಿಕೊಳ್ಳಾಕತ್ತೇತಿ,” ಎನ್ನುವಳು. ಹಿಂದೆ ಸರಿಸಿ ನೋಡಿದರೆ ಅದು ಹೌದೇ ಆಗಿರುತ್ತಿತ್ತು. ಅಜ್ಜಿ ತುರಿಕೆ ಕಂಡುಹಿಡಿಯುವುದರಲ್ಲಿ ತೊಡಗಿರುವಾಗ ನಾನು ಅಕ್ಕನ ಕಿವಿಯಲ್ಲಿ ಗುಳಿಗೆಯ ವಾದ ಮಂಡಿಸಿದೆ. ಅವಳು ಉತ್ತರ ಕೊಡುವ ಮೊದಲೇ ಏಳನೆಯದು ಹಿಂಗಾಲ ಮೇಲೆ ಎದ್ದು ನಿಂತಿತು. ಮುಂಗಾಲು ಪಟಪಟ ಬಡಿಯಿತು, ಪಕ್ಕಕ್ಕೆ ಬಿತ್ತು.

“ಅಯ್ಯ ನನ ಕೂಸ,” ಎಂದವಳೇ ಅಜ್ಜಿ ಶೇಂಗಾ ಮೊರ ಉರುಳಿಸಿ ಎದ್ದಳು, ಸೊಂಟದ ಕೀಲಿಗೊಂಚಲು ಕಿತ್ತು ಪರದೆಗೆ ಒತ್ತಿ ಹಿಡಿದಳು. ಇಲಿ ಇನ್ನೂ ಸ್ವಲ್ಪ ಹೊತ್ತು ನಡುಗಿತು, ನಿಧಾನವಾಯಿತು, ಸುಮ್ಮನಾಯಿತು.

“ನಿಂತಿತಿಲ್ಲ?” ಎಂದು ನನ್ನ ಕಡೆ ತಿರುಗಿದಳು. “ಇದನ್ನ ಮೂಢನಂಬಿಕಿ ಅಂತ ಭಾಷಣಾ ಮಾಡ್ತಿದ್ದಿ ನೀನು.”

ನನಗೆ ಇದಕ್ಕಿಂತ ಸುಲಭದ ಎದುರಾಳಿ ಸಿಕ್ಕಿರಲಿಲ್ಲ. ಅದನ್ನೇ ಮತ್ತೆ ಹಾಕೆಂದು ಅಕ್ಕನಿಗೆ ಹೇಳಿದೆ. ಕೀಲಿ ಇಲ್ಲದೆ ನೋಡಿದೆವು. ಅಷ್ಟೇ ಹೊತ್ತಿಗೆ, ಅದೇ ಜಾಗದಲ್ಲಿ ನಿಂತಿತು.

“ನಿಲ್ಲದ ಏನ ಮಾಡೀತು?” ಎಂದಳು ಅಜ್ಜಿ. “ಆಗಳೆ ಕೊಟ್ಟೇನಲ್ಲ.”

“ಅಜ್ಜಿ, ಇದು ಹೋದ ತಿಂಗಳದ ವಿಡಿಯೊ ಐತಿ,” ಎಂದಳು ಅಕ್ಕ.

“ನೀ ಹೋದ ತಿಂಗಳ ತೋರಿಸಿದ್ರ ಹೋದ ತಿಂಗಳನ ಕೊಡತಿದ್ದೆ.”

ನಾನು ಎದ್ದು ನಿಂತೆ. ಫಿಟ್ಸ್ ಸಾಮಾನ್ಯವಾಗಿ ತಾನಾಗಿಯೇ ನಿಲ್ಲುತ್ತದೆ, ನಿಲ್ಲುವ ಹೊತ್ತಿಗೆ ಕೈಯಲ್ಲಿ ಏನಿರುತ್ತದೋ ಅದಕ್ಕೆ ಕೀರ್ತಿ ಸಿಗುತ್ತದೆ, ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಇದರಿಂದಲೇ ಅದು ಎನ್ನಬಾರದು, ಕೀಲಿ ಕೊಟ್ಟವರನ್ನೂ ಕೊಡದವರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಎಂದೆಲ್ಲ ಹೇಳಿದೆ. ಆವತ್ತು ಗುಳಿಗೆ ನುಂಗಿರಲಿಲ್ಲ, ಮಾತು ಚೆನ್ನಾಗಿ ಬರುತ್ತಿತ್ತು.

ಅಕ್ಕ ಪೂರ್ತಿ ಕೇಳಿಸಿಕೊಂಡಳು. “ಖರೇ ಐತಿ. ಈಗ ನಿನ್ನ ಗುಳಿಗಿ ಮಾತು ಇದರಾಗ ಹಾಕಿ ನೋಡ. ಮೂರ ವರ್ಷ ಫಿಟ್ಸ್ ಬಂದಿಲ್ಲ, ಅದಕ್ಕ ವಾಸಿಯಾಗೇತಿ ಅಂದಿ. ಆ ಮೂರೂ ವರ್ಷ ಗುಳಿಗಿ ತಗೊಂಡೀದಿ. ಗುಳಿಗಿ ತಗೊಳ್ಳದ ಇನ್ನೊಬ್ಬಾಕಿ ನೀನು ಎಲ್ಲಿ ಅದಾಳ, ಪಕ್ಕಕ್ಕ ಇಟ್ಟು ನೋಡಾಕ?”

ನಾನು ಕೆಳಗೆ ಕೂತು, ಉರುಳಿದ ಶೇಂಗಾ ಆಯತೊಡಗಿದೆ.

“ಯಾವ ಗುಳಿಗಿ?” ಎಂದಳು ಅಜ್ಜಿ. ಅಕ್ಕ ಹೇಳಿದಳು. ಅಜ್ಜಿ ನನ್ನನ್ನು ಬೈಯಲಿಲ್ಲ. ಪರದೆಯತ್ತ ನೋಡುತ್ತ ಕೇಳಿದಳು, “ಇದಕ್ಕ ಗುಳಿಗಿ ಕೊಟ್ಟಿದ್ದೇನ?”

“ಇಲ್ಲಜ್ಜಿ. ಕೊಡದಿದ್ರ ಏನಾಕ್ಕೈತಿ ಅಂತ ನೋಡೂದ ಇದು.”

“ಹಂಗಾರ ಅದು ತೋರಿಸೇತಿ. ಮೂರ ವಾರ ಸುಮ್ಮನ ಇದ್ದು ಬಿತ್ತು. ಅದನ್ನ ನೀ ಮತ್ತೊಮ್ಮೆ ತೋರಿಸೂದು ಬ್ಯಾಡ.”

“ಒಂದು ಇಲಿಯಿಂದ ಏನೂ ಸಿದ್ಧ ಆಗಂಗಿಲ್ಲ,” ಎಂದೆ, ಅಭ್ಯಾಸಬಲದಿಂದ.

“ಆಗಂಗಿಲ್ಲ,” ಎಂದಳು ಅಕ್ಕ. “ನೀನೂ ಒಬ್ಬಾಕೀನ. ಡಾಕ್ಟ್ರಿಗೆ ಏನಂತ ಹೇಳೀದಿ?”

ಏನು ಹೇಳಿದ್ದೆ? ಹೋದಾಗಲೆಲ್ಲ ನಾನು ವಾಸಿಯಾಗಿದ್ದೇನೆ ಎಂಬುದಕ್ಕೆ ಮೂರು ಕಾರಣ ಹೇಳಿದ್ದೆ. ನಾಲಿಗೆ ತೊಡರುತ್ತದೆ, ಮಂಪರು ಬರುತ್ತದೆ ಎಂದು ಒಮ್ಮೆಯೂ ಹೇಳಿರಲಿಲ್ಲ. ನಮ್ಮ ದುರ್ಬಲ ಜಾಗ ಎದುರಾಳಿಗೆ ಗೊತ್ತಾಗಬಾರದು ಎಂಬುದು ಚರ್ಚೆಯ ಮೊದಲ ಪಾಠ. ನನ್ನನ್ನು ವಾಸಿ ಮಾಡಲು ಕೂತಿದ್ದ ಮನುಷ್ಯನನ್ನೇ ಮೂರು ವರ್ಷದಿಂದ ಪ್ರತಿಪಕ್ಷದ ಕುರ್ಚಿಯಲ್ಲಿ ಕೂರಿಸಿದ್ದೆ.

ಆ ಹೊತ್ತಿನ ಗುಳಿಗೆಯನ್ನು ಅಜ್ಜಿಯ ಎದುರಿಗೇ ನುಂಗಿದೆ. ಮರುದಿನ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಾಗ ಡಾಕ್ಟರರು, “ಮೊದಲ ಯಾಕ ಹೇಳ್ಲಿಲ್ಲವಾ?” ಎಂದು ಬೆಳಗಿನ ಅಳತೆ ಸ್ವಲ್ಪ ಕಡಿಮೆ ಮಾಡಿ ಸಂಜೆಯದಕ್ಕೆ ಸೇರಿಸಿದರು. ನಾನಾಗಿ ಗುಳಿಗೆ ನಿಲ್ಲಿಸಿದರೆ ಫಿಟ್ಸ್ ಜೋರಾಗಿ ಬರಬಹುದು, ನಿಲ್ಲಿಸುವ ಕಾಲ ಬಂದರೆ ತಾವೇ ನಿಧಾನವಾಗಿ ಇಳಿಸುವುದಾಗಿ ಹೇಳಿದರು. ಗೋಣಿ ಪೂರ್ತಿ ಹೋಗಲಿಲ್ಲ. ಒದ್ದೆ ಹೋಗಿ ಒಣ ಗೋಣಿಯಾಯಿತು.

ಚರ್ಚೆಯ ದಿನ ಹಾವೇರಿಯ ಅದೇ ಸಭಾಂಗಣ. ಅಜ್ಜಿ ಮೊದಲ ಸಾಲಿನಲ್ಲಿ ಕೂತಿದ್ದಳು. ವೇದಿಕೆ ಹತ್ತುವ ಮೊದಲು, ಬೆಳಗಿನ ಗುಳಿಗೆ ನುಂಗಿದ್ದು ಹೌದೋ ಅಲ್ಲವೋ ಎಂದು ಎರಡು ಸಲ ಕೇಳಿ, ಗೊಂಚಲಿನಿಂದ ಒಂದು ಕೀಲಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. ವಾದ ಮಾಡಲು ಹೊತ್ತಿರಲಿಲ್ಲ. ಹಿಡಿದುಕೊಂಡೇ ಹೋದೆ.

ಏಳನೆಯದರ ಬಗ್ಗೆ ಮಾತಾಡಿದೆ. ವಾದ ಗೆಲ್ಲಲು ನಾನೇ ಹತ್ತಿ ಬಿದ್ದೆ, ಆ ಇಲಿಯನ್ನು ಒಂದು ಮಾತೂ ಕೇಳದೆ ಬೀಳಿಸಿದರು ಎಂದೆ. ಅದು ನನ್ನ ಪಕ್ಷದ ಮಾತು, ಆದರೆ ಬಾಯಿಪಾಠದ ಮಾತಾಗಿರಲಿಲ್ಲ. ಎದುರಿನವನು, ಹಾಗಾದರೆ ಮುಂದೆ ಬೀಳುವ ಮಕ್ಕಳಿಗೆ ಔಷಧ ಎಲ್ಲಿಂದ ಬರುತ್ತದೆ ಎಂದು ಕೇಳಿದ. ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಎರಡನೇ ಬಹುಮಾನ ಬಂತು.

ಬಸ್ಸಿನಲ್ಲಿ ಅಜ್ಜಿ ಕೀಲಿಯನ್ನು ಗೊಂಚಲಿಗೆ ಮರಳಿ ಸೇರಿಸಿದಳು. “ಏನೂ ಆಗ್ಲಿಲ್ಲ, ನೋಡಿದಿ? ಕೀಲಿ ಇತ್ತು.”

“ಗುಳಿಗಿನೂ ಇತ್ತಲ್ಲ ಅಜ್ಜಿ. ಯಾವುದರಿಂದ ಅಂತ ಹೆಂಗ ಹೇಳ್ತಿ? ಗೊತ್ತಾಗಬೇಕಂದ್ರ ಮುಂದಿನ ಸಲ ಗುಳಿಗಿ ಬಿಟ್ಟು ಬರೀ ಕೀಲಿ ಹಿಡಕೊಂಡು ನಿಂದರಬೇಕು.”

ಅಜ್ಜಿ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಬ್ಯಾಡ,” ಎಂದಳು. “ಗೊತ್ತಾಗದಿದ್ರ ಗೊತ್ತಾಗವಲ್ದು. ಎರಡೂ ಇರ್ಲಿ.”