ಭೂಗೋಳ ಓದುವ ಮಗಳು ಗಾಡಿ ಇಳಿದಳು

ಕಳೆದ ಭಾನುವಾರದಿಂದ ಬಚ್ಚಲಿನ ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳಿದರೂ ನನ್ನ ಎದೆ ಝಲ್ ಎನ್ನುತ್ತದೆ. (ನಗಬೇಡಿ. ಗೋಕಾಕದಲ್ಲಿ ಹುಟ್ಟಿ, ಜಲಪಾತ ನೋಡುತ್ತ ಬೆಳೆದವನ ಪಾಡು ಇದು.)

ನನ್ನ ಮಗಳು ಅಕ್ಷತಾ ಪಿಯುಸಿ ಎರಡನೇ ವರ್ಷ, ಆರ್ಟ್ಸ್. ಭೂಗೋಳವೆಂದರೆ ಪ್ರಾಣ. ಮೂಡಲಗಿಯ ನೆಂಟರು ಬಂದಾಗಲೆಲ್ಲ, ‘ನಕಾಶಿ ತುಂಬಿದ್ರ ಹೊಟ್ಟಿ ತುಂಬತೈತೇನವಾ?’ ಎಂದು ಕಾಡುತ್ತಾರೆ. ಅವರ ಜೊತೆ ನಾನೂ ನಕ್ಕವನೇ. ಅವಳು ಮಾತ್ರ ನಗುತ್ತಿರಲಿಲ್ಲ.

ದಡ್ಡಿ ಎಂಬ ಊರಿನಲ್ಲಿರುವ ತಂಗಿಯನ್ನು ಪಂಚಮಿ ಹಬ್ಬಕ್ಕೆ ಕರೆಯಲೆಂದು ಆ ದಿನ ಇಬ್ಬರೂ ಸ್ಕೂಟರಿನಲ್ಲಿ ಹೊರಟೆವು. ಹತ್ತರಗಿಯಲ್ಲಿ ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದಾಗ ಮೇಲೆ ಬಿಸಿಲು. ಮುಂದೆ ಒಂದು ಹಳೆಯ, ತಗ್ಗಾದ ಸೇತುವೆ. ಪಕ್ಕದಲ್ಲಿ ತಡೆಗೋಡೆಯಿಲ್ಲ. ಮೇಲೆ ಪಾದ ಮುಳುಗುವಷ್ಟು ನೀರು. ನಮ್ಮ ಕಣ್ಣೆದುರೇ ಒಂದು ಬೈಕು ದಾಟಿಹೋಯಿತು. ಇನ್ನೇನು ಬೇಕು? ಪ್ಯಾಂಟು ಮಡಚಿಕೊಂಡೆ.

ಅಷ್ಟರಲ್ಲಿ ಹಿಂದಿನ ಸೀಟು ಹಗುರಾಯಿತು. ಅಕ್ಷತಾ ಇಳಿದಿದ್ದಳು.

‘ಅಪ್ಪಾ, ಬ್ಯಾಡ. ನಾವು ಬಂದು ನಿಂತಾಗ ನೀರು ತಿಳಿ ಇತ್ತು. ಈಗ ನೋಡು, ಕೆಂಪಾಗೇತಿ. ಕಸಾ-ಕಡ್ಡಿ ತೇಲಿ ಬರಾಕತ್ತಾವು.’

‘ಇಷ್ಟ ಬಿಸಲೈತಿ. ಮಳಿ ಎಲ್ಲೈತಿ?’

‘ಇಲ್ಲಿ ಇಲ್ಲ, ಮ್ಯಾಲ ಘಟ್ಟದಾಗ ಐತಿ. ಅಲ್ಲಿ ಬಿದ್ದ ನೀರು ಇಲ್ಲಿಗೆ ಬರಾಕ ತಾಸುಗಟ್ಟಲೆ ಬೇಕು. ಈಗ ಬರಾಕತ್ತೈತಿ, ಅಪ್ಪಾ.’

ದಂಡೆಯಲ್ಲಿ ಮೂರ್ನಾಲ್ಕು ಜನ ನಮ್ಮನ್ನೇ ನೋಡುತ್ತಿದ್ದರು. ಮಗಳ ಮಾತಿಗೆ ಹೆದರಿ ವಾಪಸಾದರೆ ಇವರೆಲ್ಲ ಏನೆಂದಾರು? (ಗಂಡಸರಿಗೆ ಈ ಪ್ರಶ್ನೆ ಎಂಥೆಂಥ ಜಾಗದಲ್ಲಿ ಹುಟ್ಟುತ್ತದೆ ನೋಡಿ!)

‘ನೀ ಇಲ್ಲೇ ನಿಂತು ಭೂಗೋಳಾ ಓದು’ ಎಂದು ಗಾಡಿ ಬಿಟ್ಟೆ.

ಅರ್ಧ ಸೇತುವೆ ದಾಟಿದ್ದೆ. ಇದ್ದಕ್ಕಿದ್ದಂತೆ ಅಂಚು ಕಾಣಿಸದಾಯಿತು. ಎಲ್ಲಿ ಸೇತುವೆ, ಎಲ್ಲಿ ಹೊಳೆ? ಎಲ್ಲ ಒಂದೇ ಕೆಂಪು. ಪಾದದ ನೀರು ಮೊಣಕಾಲಿಗೆ ಬಂತು. ಎಂಜಿನ್ ಕೆಮ್ಮಿ ಸತ್ತಿತು. ಯಾರೋ ಹಿಂದಿನ ಚಕ್ರ ಹಿಡಿದು ಮೆಲ್ಲಗೆ ಪಕ್ಕಕ್ಕೆ ಎಳೆದ ಹಾಗಾಯಿತು.

ಸುತ್ತ ಅಷ್ಟು ನೀರು, ಬಾಯಿ ಮಾತ್ರ ಒಣಗಿತ್ತು. ದೇವರು ನೆನಪಾಗಲಿಲ್ಲ. ಇವಳ ಕಣ್ಣೆದುರೇ ಹೋಗುತ್ತೇನೆ ಎಂಬುದೊಂದೇ ತಲೆಯಲ್ಲಿ. ಹ್ಯಾಂಡಲ್ ಇನ್ನೂ ಬಿಗಿಯಾಗಿ ತಬ್ಬಿಕೊಂಡೆ.

‘ಗಾಡಿ ಬಿಡ್ರೀ ಸರ! ಜೀವಾ ಹಿಡ್ಕೊಳ್ರಿ!’ ದಂಡೆಯಿಂದ ಒಂದು ಗಂಡು ದನಿ.

ಅದರ ಹಿಂದೆಯೇ ಅಕ್ಷತಾ ಚೀರಿದಳು. ‘ಅಪ್ಪಾ, ನೀರು ಬರೂ ಕಡೆ ಮಾರಿ ಮಾಡು! ಕಾಲ ಎತ್ತಬ್ಯಾಡ, ಅಡ್ಡ ಸರಕೋಂತ ಬಾ!’

ಬಿಟ್ಟೆ. ಸ್ಕೂಟರ್ ಒಂದೇ ಒಂದು ಸಲ ಉರುಳಿತು. ಮತ್ತೆ ಕಾಣಲಿಲ್ಲ. ಒಂದೊಂದು ಗೇಣು ಸರಿಯುತ್ತ ಬಂದೆ. ಹಗ್ಗವೊಂದು ಹಾರಿ ಬಂದು ಎದೆಗೆ ಬಡಿಯಿತು. ಆ ತುದಿಯಲ್ಲಿ ತಲೆಗೆ ಟವೆಲ್ ಸುತ್ತಿದ ಹಿರಿಯರೊಬ್ಬರು, ಇನ್ನಿಬ್ಬರು, ಮತ್ತೆ ನನ್ನ ಮಗಳು.

ದಂಡೆಗೆ ಬಿದ್ದಾಗ ಅವಳು, ‘ಹೇಳಿದ್ದಿಲ್ಲೇನು?’ ಎನ್ನಲಿಲ್ಲ. ನನ್ನ ಒದ್ದೆ ಅಂಗಿ ಬಿಗಿಯಾಗಿ ಹಿಡಿದು ಕುಳಿತಳು. ನಾನು ನಿಂತಿದ್ದ ಜಾಗದಲ್ಲಿ ಹತ್ತೇ ನಿಮಿಷಕ್ಕೆ ಒಂದು ಇಡೀ ಮರ ತೇಲಿಹೋಯಿತು.

ಆ ಹಿರಿಯರು ಎಮ್ಮೆ ಮೇಯಿಸಲು ಬಂದಿದ್ದ ದಸ್ತಗೀರ್ ಕಾಕಾ. ಕೈ ಮುಗಿದೆ. ಅವರು ತಲೆಯಲ್ಲಾಡಿಸಿದರು.

‘ನನಗ್ಯಾಕ್ರಿ? ನೀವು ನೀರಿಗೆ ಗಾಡಿ ಇಳಸೂದ್ರಾಗ ಈ ಹುಡುಗಿ ನನ್ನ ಕಡೆ ಓಡಿ ಬಂದಿತ್ತು. ಹಗ್ಗಾ ಐತೇನ್ರಿ ಕಾಕಾ, ಅಂತ ಕೇಳ್ತು.’

ನಾನು ಭೂಗೋಳ ಓದು ಎಂದಿದ್ದೆನಲ್ಲ, ಅವಳು ಓದಿಯಾಗಿತ್ತು.

ತಂಗಿಗೆ ಅಕ್ಷತಾಳ ಮೊಬೈಲಿನಿಂದಲೇ ವಿಷಯ ತಿಳಿಸಿ, ಹುಕ್ಕೇರಿ ಮೇಲಿಂದ ಬಸ್ಸಿನಲ್ಲಿ ಮನೆಗೆ ಹೊರಟೆವು. ದಾರಿಯಲ್ಲಿ ನಾನು ಕೇಳಿದೆ, ‘ನಿನಗ ಅಂಜಿಕಿ ಬರಲಿಲ್ಲೇನವಾ?’

‘ಬಂದಿತ್ತು, ಅಪ್ಪಾ. ಅದಕ್ಕ ಇಳದೆ.’

ತಿಳಿದವರು ಅಂಜಿದರೆ ಪುಕ್ಕಲರು, ತಿಳಿಯದವರು ಅಂಜದಿದ್ದರೆ ಧೈರ್ಯವಂತರು. ಈ ಲೆಕ್ಕ ನಮಗೆ ಕಲಿಸಿದವರು ಯಾರು?