ಗಜೇಂದ್ರಗಡದಲ್ಲಿ ಸಿಕ್ಕ ಚೌಕಡಿ ಬಟ್ಟೆ

ರೋಣ, ನರಗುಂದ ಸುತ್ತಿ ಈಗ ಗಜೇಂದ್ರಗಡದ ಮೂರನೆಯ ಅಂಗಡಿಯಲ್ಲಿ ಕೂತಿದ್ದೇವೆ. ತಂಗಿ ಸಾವಿತ್ರಿ ಶಾಲೆಯ ಬ್ಯಾಂಡಿನಲ್ಲಿ ಮುಂದಿನ ಸಾಲಿನ ಡೋಲಿನವಳು. ಮೂರು ವರ್ಷದ ಹಿಂದೆ ಹೊಲಿಸಿದ ಅವಳ ಬ್ಯಾಂಡಿನ ಕಿಲ್ಟ್, ಅಂದರೆ ಟಾರ್ಟನ್ ಚೌಕಡಿಯ ನೆರಿಗೆ ಲಂಗ, ಈಗ ಸೊಂಟಕ್ಕೆ ಸಾಲುತ್ತಿಲ್ಲ; ಅದೇ ಚೌಕಡಿಯ ಹೊಸ ಬಟ್ಟೆ ಹುಡುಕುತ್ತಿದ್ದೇವೆ. ನಾಡಿದ್ದು ಪರೇಡ್. ಬಟ್ಟೆ ಬೇರೆಯಾದರೆ ಸಾಲಿನಲ್ಲಿ ಜಾಗವಿಲ್ಲ ಎಂದಿದ್ದಾರೆ ಟೀಚರ್. ಬಟ್ಟೆಯ ಬಣ್ಣಕ್ಕೂ ಡೋಲಿನ ತಾಳಕ್ಕೂ ಏನು ಸಂಬಂಧವೆಂದು ವಾದಿಸಿ ನಾನು ಆಗಲೇ ಸೋತಿದ್ದೇನೆ.

ಅಂಗಡಿಯ ಖಾದರಸಾಬರು ಹಳೆಯ ಕಿಲ್ಟಿನ ಅಂಚಿನ ಹೊಲಿಗೆ ಬಿಚ್ಚಿದರು. ಒಳಮಡಿಕೆಯನ್ನು ತಮ್ಮ ಹೊಸ ಬಟ್ಟೆಯ ಮೇಲಿಟ್ಟು ಬಾಗಿಲ ಬಿಸಿಲಿಗೆ ಹಿಡಿದರು. ಗೆರೆಗೆ ಗೆರೆ ಕೂಡಿತು.

"ಇದ ನೋಡ್ರಿ ಖರೇ ಬಣ್ಣ. ತೊಳದು ತೊಳದು ಹೊರಗಿಂದು ಬೆಳ್ಳಗ ಮಾಡೀರಿ."

"ಹಂಗಾರ ಸಿಕ್ಕಂಗಾತಲ್ರಿ ಚಾಚಾ," ಎಂದೆ.

ಸಾವಿತ್ರಿ ನಗಲಿಲ್ಲ. "ಉಳಿದ ಹುಡುಗ್ಯಾರದೆಲ್ಲಾ ಹಿಂಗ ಮಾಸೈತಿ ಅಣ್ಣಾ. ನಂದೊಂದ ಹೊಸಾದು ಎದ್ದು ಕಾಣತೈತಿ."

"ಹೊಸಾದನ್ನ ಬಿಸಲಿಗೆ ಹಾಕಿ ಮಾಸಿಸೋಣಲ್ರಿ," ಎಂದು ನಾನು ಖಾದರಸಾಬರತ್ತ ತಿರುಗಿದೆ.

"ಮೂರು ವರ್ಷದ ಬಿಸಲ ಎರಡ ದಿನದಾಗ ಎಲ್ಲಿಂದ ತರ್ತಿ ತಮ್ಮಾ?" ಎಂದರು ಖಾದರಸಾಬರು.

ಸಾವಿತ್ರಿ ಹಳೆಯ ಕಿಲ್ಟನ್ನು ಬಿಚ್ಚಿದ ಅಂಚಿನ ಸಮೇತ ಚೀಲಕ್ಕೆ ತುರುಕಿದಳು.

"ಟೀಚರಿಗೆ ಫೋನ್ ಹಚ್ಚು. ನನ್ನ ಡೋಲು ಹಿಂದಿನ ಸಾಲಿನ ಮಂಜುಳಾಗ ಕೊಡ್ರಿ ಅಂತ ಹೇಳು."